ಕಿಟಕಿ ಮುಚ್ಚಿರಿ ಎಂದು ನಾನೇ ಹೇಳಿದ್ದೆ

ನನ್ನ ಎರಡು ಶ್ವಾಸಕೋಶಗಳ ಪರವಾಗಿ ಮಾತನಾಡುವ ಅಧಿಕಾರ ನನಗಿದೆ ಎಂದು ನಲವತ್ತಾರು ವರ್ಷ ನಂಬಿಕೊಂಡಿದ್ದೆ. ಅವು ಎಂದೂ ತಕರಾರು ತೆಗೆದವಲ್ಲ. ಹೊಟ್ಟೆ ಆಗಾಗ ಮುನಿಸಿಕೊಳ್ಳುತ್ತಿತ್ತು, ಬಲಮಂಡಿ ಮೆಟ್ಟಿಲು ಕಂಡರೆ ಗೊಣಗುತ್ತಿತ್ತು. ಶ್ವಾಸಕೋಶಗಳು ಮಾತ್ರ ಹಳೆಯ ಕಾಲದ ಗುಮಾಸ್ತರಂತೆ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದವು. ಹೀಗಿರುವಾಗ ತೊಂಬತ್ತರ ದಶಕದ ಕೊನೆಯ ಒಂದು ಆಗಸ್ಟಿನಲ್ಲಿ, ಹ್ಯೂಸ್ಟನ್‌ನಲ್ಲಿ, ಮುಂಗಡ ನೋಟೀಸು ಕೊಡದೆ ಎರಡೂ ಒಟ್ಟಿಗೆ ಮುಷ್ಕರ ಹೂಡಿದವು.

ಆಗ ನಮ್ಮ ಮನೆ ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿ, ವಿಮಾನಗಳು ತಲೆ ಸವರಿಕೊಂಡು ಹೋಗುವ ಜಾಗದಲ್ಲಿ. ನನ್ನ ಕಸುಬು ಕಾರ್ಖಾನೆಗಳ ಕಂಟ್ರೋಲ್ ರೂಮಿಗೆ ಪರದೆ ವಿನ್ಯಾಸ ಮಾಡುವುದು. ಯಾವ ಕೊಳವೆಯಲ್ಲಿ ಒತ್ತಡ ಹೆಚ್ಚಿತು, ಯಾವ ತೊಟ್ಟಿ ತುಂಬಿತು ಎಂಬುದನ್ನು ಕಂಪ್ಯೂಟರಿನಲ್ಲಿ ತೋರಿಸುವ ಚಿತ್ರಗಳನ್ನು ಬರೆಯುತ್ತಿದ್ದೆ. ಅದರಲ್ಲೂ ನನ್ನ ವಿಶೇಷ ಪಾಂಡಿತ್ಯ ಅಲಾರಂಗಳಲ್ಲಿ. ಹೊಸಬರಿಗೆ ಪಾಠ ಹೇಳುವಾಗ ಕೈ ಹಿಂದೆ ಕಟ್ಟಿಕೊಂಡು ಗಂಭೀರವಾಗಿ ಘೋಷಿಸುತ್ತಿದ್ದೆ: "ಅಲಾರಂ ಸುದ್ದಿ ಹೇಳಿದರೆ ಸಾಲದು, ಮುಂದೇನು ಮಾಡಬೇಕು ಅನ್ನುವುದನ್ನು ಹೇಳಬೇಕು." ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ಹ್ಯೂಸ್ಟನ್‌ಗೆ ಕೆಲಸದ ಮೇಲೆ ವಾರಕ್ಕೆ ನಾಲ್ಕು ದಿನ ಹೋಗಿ ಬರುತ್ತಿದ್ದೆ. ಆ ಊರಿನ ಆಗಸ್ಟ್ ತಿಂಗಳ ಗಾಳಿಯನ್ನು ಉಸಿರಾಡುವುದಕ್ಕಿಂತ ಅಗಿದು ನುಂಗುವುದು ಸುಲಭ. ಅವತ್ತು ಕಾರು ನಿಲ್ಲಿಸಿ ಕಟ್ಟಡದ ಬಾಗಿಲಿಗೆ ನಡೆದದ್ದು ಮೂರು ನಿಮಿಷ ಇರಬಹುದು. ಬಾಗಿಲು ಮುಟ್ಟುವಷ್ಟರಲ್ಲಿ ಯಾರೋ ಒದ್ದೆ ಪಂಚೆಯನ್ನು ಎದೆಗೆ ಸುತ್ತಿ ಎರಡೂ ಕಡೆಯಿಂದ ಹಿಂಡುತ್ತಿದ್ದಾರೆ ಅನ್ನಿಸಿತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಮಾತ್ರ ಒಪ್ಪುತ್ತಿರಲಿಲ್ಲ. ಗಂಟಲಿನಿಂದ ಹಳೆಯ ಹಾರ್ಮೋನಿಯಂನ ಸದ್ದು ಬಂತು. ಯಾರ ಕಡೆಯಿಂದ ಈ ಸದ್ದು ಎಂದು ಹಿಂತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಾಲ್ಕು ಪುಟದ ಒಂದು ಅರ್ಜಿ ಕೊಟ್ಟರು. "ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಆಸ್ತಮಾ ಇತ್ತೇ?" ಎಂಬ ಪ್ರಶ್ನೆಗೆ "ಇಲ್ಲ" ಎಂದು ದೊಡ್ಡಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ನಮ್ಮ ವಂಶದ ಮಾನದ ಪ್ರಶ್ನೆ. ನಮ್ಮಪ್ಪ ಚಳಿಗಾಲವಿಡೀ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದರು; ಅದಕ್ಕೆ ನಾವೆಲ್ಲ "ಶೀತದ ಮೈ" ಎಂದು ಹೆಸರಿಟ್ಟಿದ್ದೆವು. ಅದು ಆಸ್ತಮಾ ಆಗಿರಬಹುದೆಂದು ನನಗೆ ಹೊಳೆದದ್ದು ಆಮೇಲೆ ಬಹಳ ದಿನಕ್ಕೆ.

ಪಕ್ಕದ ಕುರ್ಚಿಯಲ್ಲಿ ದೊಡ್ಡ ಅಂಚಿನ ಟೋಪಿ ಹಾಕಿದ ಟೆಕ್ಸಸ್ ಮುದುಕರೊಬ್ಬರು ಕುಳಿತಿದ್ದರು. ಅವರ ಕಾಲ ಬಳಿ ಸಾಕುನಾಯಿಯ ಹಾಗೆ ಚಕ್ರದ ಮೇಲೆ ನಿಂತ ಆಮ್ಲಜನಕದ ಸಿಲಿಂಡರು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೊದಲ ಸಲವೇ?" ಎಂದರು. ತಲೆಯಾಡಿಸಿದೆ. "ಭುಜ ಇಳಿಬಿಡು. ಅವು ನಿನಗೆ ಸಹಾಯ ಮಾಡುತ್ತಿವೆ ಅಂದುಕೊಂಡಿದ್ದೀಯ, ಮಾಡುತ್ತಿಲ್ಲ" ಎಂದರು. ಇಳಿಬಿಟ್ಟೆ. ಕೂದಲೆಳೆಯಷ್ಟು ಹಗುರಾಯಿತು. ಅವರು ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಕಾಯಿಲೆಯ ಲೋಕಕ್ಕೆ ನನ್ನನ್ನು ಬರಮಾಡಿಕೊಂಡದ್ದು ಹೀಗೆ, ಅತಿಥಿ ಸತ್ಕಾರದೊಂದಿಗೆ.

ಒಳಗೆ ಒಬ್ಬ ಹುಡುಗಿ ಬಾಯಿಗೆ ಕೊಳವೆ ಕೊಟ್ಟು, "ಊದಿ, ಊದಿ, ಇನ್ನೂ, ಇನ್ನೂ, ನಿಲ್ಲಿಸಬೇಡಿ!" ಎಂದು ಹೆರಿಗೆ ಕೋಣೆಯ ಸೂಲಗಿತ್ತಿಯಂತೆ ಹುರಿದುಂಬಿಸಿದಳು. ನಾನು ಹಡೆದದ್ದು ಯಂತ್ರದ ಕಾಗದದ ಮೇಲೆ ಒಂದು ವಕ್ರ ಗೆರೆಯನ್ನು. ಡಾಕ್ಟರಮ್ಮ ಅದನ್ನು ನೋಡಿ, "ಆಸ್ತಮಾ" ಎಂದರು, ಹವಾಮಾನ ಹೇಳುವ ಧ್ವನಿಯಲ್ಲಿ. ಎರಡು ಇನ್‌ಹೇಲರ್ ಬರೆದುಕೊಟ್ಟರು. ಒಂದು, ಉಸಿರು ಕಟ್ಟಿದಾಗ ಮಾತ್ರ. ಇನ್ನೊಂದು ದಿನಾ ಬೆಳಗ್ಗೆ ಮತ್ತು ಸಂಜೆ, ತೊಂದರೆ ಇರಲಿ ಬಿಡಲಿ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. "ಎರಡನೆಯದೇ ನಿಮ್ಮ ನಿಜವಾದ ಔಷಧ. ಅದರಲ್ಲಿ ಸ್ವಲ್ಪ ಸ್ಟಿರಾಯ್ಡ್ ಇದೆ, ಹೆದರಬೇಡಿ" ಎಂದರು. ಹೆದರಬೇಡಿ ಎಂದದ್ದರಿಂದ ಹೆದರಿದೆ.

ಮನೆಗೆ ಬಂದು ವಸುಧಾಗೆ, ಎಂದರೆ ನನ್ನ ಹೆಂಡತಿಗೆ, ವಿಷಯ ತಿಳಿಸಿದೆ. ಅವಳು ಕೈಲಿದ್ದ ಸೌಟು ಕೆಳಗಿಟ್ಟು, "ಸದ್ಯ, ಹಾರ್ಟ್ ಅಲ್ವಲ್ಲ" ಎಂದಳು. ನನ್ನ ಕಾಯಿಲೆಗೆ ಇಷ್ಟು ಕಡಿಮೆ ಮರ್ಯಾದೆ ಸಿಕ್ಕಿದ್ದು ಸ್ವಲ್ಪ ಬೇಸರ ತಂದಿತು. ಮೈಸೂರಿನಲ್ಲಿರುವ ಅಮ್ಮ ಫೋನಿನಲ್ಲಿ ಆ ಕೊರತೆ ತುಂಬಿದರು.

"ಬಾಳೆಹಣ್ಣು ಮುಟ್ಟಬೇಡ. ಸೌತೆಕಾಯಿ ಬೇಡ. ಮೊಸರು ಮಧ್ಯಾಹ್ನಕ್ಕೇ ಮುಗಿಸು. ಮತ್ತೆ ಆ ಪಂಪು ಕೊಟ್ಟಿದಾರಾ?"

"ಕೊಟ್ಟಿದಾರಮ್ಮ, ಎರಡು."

"ಅಯ್ಯೋ, ಅದನ್ನ ಮಾತ್ರ ಹಿಡೀಬೇಡ ಕಣೋ. ಒಂದ್ಸಲ ಹಿಡಿದ್ರೆ ಸಾಯೋತನಕ ಬಿಡಕ್ಕಾಗಲ್ಲ. ಅದು ಕೊನೇದು."

ನಾನು ವಿಜ್ಞಾನದ ಪದವೀಧರ. ಅಮ್ಮನ ಬಾಳೆಹಣ್ಣಿನ ಸಿದ್ಧಾಂತಕ್ಕೆ ನಕ್ಕೆ. ಪಂಪಿನ ಸಿದ್ಧಾಂತಕ್ಕೆ ನಗಲಿಲ್ಲ, ಯಾಕೆಂದರೆ ನಾನೂ ಗುಟ್ಟಾಗಿ ಅದನ್ನೇ ನಂಬಿದ್ದೆ. ನಮ್ಮಲ್ಲಿ ಇದನ್ನು ನಂಬದ ಮನೆ ಕಡಿಮೆ. ಮಾತ್ರೆ ನುಂಗಿದರೆ ಔಷಧ, ಪಂಪು ಎಳೆದರೆ ಚಟ. ದಿನಾ ತೆಗೆದುಕೊಳ್ಳಬೇಕಾದ ಆ ಇನ್‌ಹೇಲರನ್ನು ಡಬ್ಬಿ ಬಿಚ್ಚದೆ ಮೇಜಿನ ಡ್ರಾಯರಿನಲ್ಲಿ, ಹಳೆಯ ಪಾಸ್‌ಪೋರ್ಟುಗಳ ಕೆಳಗೆ ಇಟ್ಟೆ. ವಸುಧಾಗೆ ಸಂಶಯ ಬರಬಾರದೆಂದು ಬೆಳಗ್ಗೆ ಮತ್ತು ಸಂಜೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಬಾಯಿ ಮುಕ್ಕಳಿಸುತ್ತಿದ್ದೆ, ಹೊರಗೆ ಕೇಳುವಷ್ಟು ಜೋರಾಗಿ. ಔಷಧವಿಲ್ಲದ ಆ ಮುಕ್ಕಳಿಕೆಯನ್ನು ತಿಂಗಳುಗಟ್ಟಲೆ ತಪ್ಪದೆ ನಡೆಸಿದೆ. ಸಂಧ್ಯಾವಂದನೆಯನ್ನು ಇಷ್ಟು ನಿಷ್ಠೆಯಿಂದ ಮಾಡಿದವನಲ್ಲ.

ಹಾಗಾದರೆ ಉಸಿರಿನ ಗತಿ? ಅದಕ್ಕೆ ನನ್ನಲ್ಲಿ ಒಂದು ಭವ್ಯ ಯೋಜನೆಯಿತ್ತು. ಉಬ್ಬಸ ಬರುವುದು ಕೆಟ್ಟ ಗಾಳಿಯಿಂದ. ಗಾಳಿ ಯಾವಾಗ ಕೆಡುತ್ತದೆ ಎಂದು ಮೊದಲೇ ಗೊತ್ತಾದರೆ ತಪ್ಪಿಸಿಕೊಳ್ಳಬಹುದು. ತಪ್ಪಿಸಿಕೊಂಡರೆ ಔಷಧ ಯಾಕೆ? ಗಾಳಿಗೆ ಒಂದು ಕಂಟ್ರೋಲ್ ರೂಮ್ ಕಟ್ಟಿದರಾಯಿತು. ನನ್ನ ಕಸುಬೇ ಅದು. ಬೇಸಿಗೆಯ ಓಜೋನ್ ಎಚ್ಚರಿಕೆ, ವಿಮಾನ ನಿಲ್ದಾಣದ ತೇವಾಂಶ, ಪತ್ರಿಕೆಯಲ್ಲಿ ಬರುವ ಪರಾಗದ ಲೆಕ್ಕ, ಇವೆಲ್ಲವನ್ನೂ ಒಂದೆಡೆ ಸೇರಿಸಿ ಒಂದು ವೆಬ್ ಪುಟ ಮಾಡಿದೆ. ಡಲ್ಲಾಸ್‌ಗೆ ಬಣ್ಣಬಣ್ಣದ ಅಂಕಿಗಳ ಒಂದು ಕಂಬಸಾಲು, ಹ್ಯೂಸ್ಟನ್‌ಗೆ ಒಂದು, ಆಸ್ಟಿನ್‌ಗೆ ಒಂದು. ಪಕ್ಕದಲ್ಲಿ ನನ್ನದೇ ಉಸಿರಿನ ಅಂಕಿ. ಡಾಕ್ಟರಮ್ಮ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟಿದ್ದರು. ಊದಿದರೆ ಮುಳ್ಳು ಮೇಲೇರಿ ಉಸಿರಿನ ಬಲ ತೋರಿಸುತ್ತದೆ. ವಸುಧಾ ಅದಕ್ಕೆ ಊದುಗೊಳವೆ ಎಂದು ಹೆಸರಿಟ್ಟಳು. "ಒಲೆ ಎಲ್ಲಿ?" ಎಂದು ದಿನಾ ಕೇಳುತ್ತಿದ್ದಳು.

ಪುಟದ ವಿಳಾಸವನ್ನು ಟೆಕ್ಸಸ್ ಕನ್ನಡಿಗರ ಮೇಲಿಂಗ್ ಲಿಸ್ಟಿಗೆ ಕಳಿಸಿದೆ. "ಶ್ವಾಸರೋಗಿಗಳ ಸೇವೆಗೆ" ಎಂದು ಕೆಳಗೆ ಬರೆದಿದ್ದೆ. ಒಂದು ವಾರ ಯಾರೂ ಸೇವೆ ಸ್ವೀಕರಿಸಲಿಲ್ಲ. ಆಮೇಲೊಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಿಂದ ಸರೋಜಕ್ಕ. ಧಾರವಾಡದವರು, ಅಲ್ಲಿನ ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ, ಹತ್ತನೇ ವಯಸ್ಸಿನಿಂದ ಆಸ್ತಮಾ.

"ನಿಮ್ಮ ಪುಟ ನೋಡಿದೆ ನೋಡ್ರಿ. ಭಾಳ ಚಂದ ಅದ. ಆದ್ರ ಓದಿ ಮುಗಸೂದ್ರಾಗ ನನಗ ದಮ್ಮು ಬಂತು."

"ಅಂದ್ರೆ?"

"ಅಂದ್ರ ಏನ್ರೀ ರಾಯರ, ಎಪ್ಪತ್ತು ಅಂಕಿ ಬರದೀರಿ. ನಿಮಗ ಉಬ್ಬಸ ಬಂದಾಗ ನಿಮ್ಮ ಪುಟ ನೀವ ಓದೀರೇನು?"

ಓದಿರಲಿಲ್ಲ. ಉಸಿರು ಕಟ್ಟಿದಾಗ ನಾನು ಮಾಡುತ್ತಿದ್ದ ಕೆಲಸ ಒಂದೇ, ಮಂಚದ ಅಂಚು ಹಿಡಿದು ಕುಳಿತುಕೊಳ್ಳುವುದು. ಮುಂದಿನ ಸಲ ಕಟ್ಟಿದಾಗ, ವಿನ್ಯಾಸಕಾರನ ಕರ್ತವ್ಯವೆಂದು ತೆವಳಿಕೊಂಡು ಹೋಗಿ ಕಂಪ್ಯೂಟರ್ ಮುಂದೆ ಕುಳಿತೆ. ಅಕ್ಷರಗಳು ಇರುವೆಗಳಂತೆ ಕಂಡವು. ಬಣ್ಣಗಳು ಮಾತ್ರ ಕಾಣುತ್ತಿದ್ದವು, ಅವು ಏನು ಹೇಳುತ್ತಿವೆ ಎಂದು ಯೋಚಿಸಲು ಉಸಿರು ಸಾಲಲಿಲ್ಲ. ಉಸಿರಿಲ್ಲದವನಿಗೆ ಓದಲು ಬರುವುದಿಲ್ಲ ಎಂಬ ಮಹಾಸತ್ಯವನ್ನು ಲೋಕದಲ್ಲಿ ಮೊದಲಿಗೆ ಕಂಡುಹಿಡಿದವರು ಫ್ಲೂಗರ್‌ವಿಲ್‌ನ ಒಬ್ಬ ಲೈಬ್ರರಿ ಅಕ್ಕ.

ಎಲ್ಲವನ್ನೂ ಅಳಿಸಿದೆ. ಹದಿಮೂರು ವರ್ಷದ ಮಗಳು ಪಲ್ಲವಿ ಒಂದು ಕಿಟಕಿಯ ಚಿತ್ರ ಬರೆದುಕೊಟ್ಟಳು. ಗಾಳಿ ಚೆನ್ನಾಗಿದ್ದರೆ ತೆರೆದ ಕಿಟಕಿ, ಸುಮಾರಾಗಿದ್ದರೆ ಅರೆತೆರೆದದ್ದು, ಕೆಟ್ಟಿದ್ದರೆ ಮುಚ್ಚಿದ್ದು. ಊರಿಗೊಂದು ಕಿಟಕಿ, ಅಷ್ಟೇ. ಸರೋಜಕ್ಕನ ಫೋನ್ ಮತ್ತೆ ಬಂತು: "ಈಗ ಮನಿ ಆತು ನೋಡ್ರಿ. ಮೊದಲ ರೇಷನ್ ಆಫೀಸ್ ಇತ್ತು."

ಕಿಟಕಿ ಜನಪ್ರಿಯವಾಯಿತು. ಹ್ಯೂಸ್ಟನ್‌ನ ಒಬ್ಬ ತಾಯಿ ಮಗನ ಫುಟ್‌ಬಾಲ್ ಆಟಕ್ಕೆ ಮುಂಚೆ ನೋಡುತ್ತಾರೆಂದು ಕೇಳಿದೆ. ನಮ್ಮ ಹತ್ತಿರದ ಕಾಪೆಲ್‌ನ ಒಬ್ಬ ಅಂಕಲ್ ಬೆಳಗಿನ ವಾಕಿಂಗ್ ತಪ್ಪಿಸಲು ಅದನ್ನು ಬಳಸುತ್ತಿದ್ದರು. ನಾನು ಯೂಲೆಸ್‌ನಲ್ಲಿ ಕುಳಿತು ಮೂರು ಊರುಗಳ ಕಿಟಕಿಗಳನ್ನು ತೆಗೆದು ಮುಚ್ಚುವ ಅಧಿಪತಿಯಾದೆ. ಒಂದೇ ಒಂದು ಅಹಿತಕರ ವಿಷಯವೆಂದರೆ, ನನ್ನ ಊದುಗೊಳವೆಯ ಮುಳ್ಳು ತಿಂಗಳಿಂದ ತಿಂಗಳಿಗೆ ಕೆಳಗಿಳಿಯುತ್ತಿತ್ತು. ತೆರೆದ ಕಿಟಕಿಯ ದಿನಗಳಲ್ಲೂ. ಕೊಳವೆ ಹಳೆಯದಾಗಿದೆ ಎಂದು ತೀರ್ಮಾನಿಸಿ ಅಂಕಿ ಬರೆಯುವುದನ್ನು ನಿಲ್ಲಿಸಿದೆ.

ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಶನಿವಾರ ಬೆಳಗ್ಗೆ, ಮೂವತ್ತು ಜನ. ಅವತ್ತು ಡಲ್ಲಾಸ್‌ನಲ್ಲಿ ಓಜೋನ್ ಕೆಂಪು, ಎಂದರೆ ಗಾಳಿ ತೀರ ಕೆಟ್ಟ ದಿನ. ಹೆದ್ದಾರಿಯ ಮೇಲಿನ ಬೋರ್ಡುಗಳಲ್ಲೂ ಎಚ್ಚರಿಕೆ ಓಡುತ್ತಿತ್ತು. ನನ್ನ ಪುಟದ ಕಿಟಕಿ ಮುಚ್ಚಿತ್ತು. ಅಂದಮೇಲೆ ನನ್ನ ಮನೆಯ ಕಿಟಕಿ ತೆರೆದಿದ್ದರೆ ಲೋಕಕ್ಕೆ ಏನು ಉತ್ತರ ಹೇಳಲಿ? ಒಂದೊಂದಾಗಿ ಎಲ್ಲ ಕಿಟಕಿ ಬಿಗಿಮಾಡಿದೆ. ಹಿತ್ತಲ ಬಾಗಿಲಿನ ಸಂದಿಗೆ ಟವೆಲ್ ತುರುಕಿದೆ. ಆಮೇಲೆ ಇಲ್ಲಿನ ನಮ್ಮವರ ಎಲ್ಲ ಪೂಜೆಗಳ ಮೊದಲ ಅಂಗವಾದ ಕರ್ಮವನ್ನು ನೆರವೇರಿಸಿದೆ: ಸ್ಟೂಲು ಹತ್ತಿ, ಛಾವಣಿಯಲ್ಲಿರುವ ಹೊಗೆ ಅಲಾರಂ ಕೂಗಬಾರದೆಂದು ಅದಕ್ಕೆ ಹೋಟೆಲಿನಿಂದ ತಂದ ಸ್ನಾನದ ಟೋಪಿ ತೊಡಿಸಿದೆ. ಅಲಾರಂ ಬರೆದು ಹೊಟ್ಟೆ ಹೊರೆಯುವ ನಾನೇ ಕೈಯಾರೆ ಅಲಾರಂನ ಬಾಯಿ ಕಟ್ಟಿದೆ. ಅದರಲ್ಲಿ ಏನೋ ವಿಚಿತ್ರವಿದೆ ಎಂದು ಆಗ ಅನ್ನಿಸಲೇ ಇಲ್ಲ.

ಊದುಬತ್ತಿ ಹಚ್ಚಿದೆವು. ಒಬ್ಬರು ಸಾಂಬ್ರಾಣಿ ತಂದಿದ್ದರು. ಪುರೋಹಿತರು ಕರ್ಪೂರದ ವಿಷಯದಲ್ಲಿ ಧಾರಾಳಿಗಳು. ಮೂರನೇ ಅಧ್ಯಾಯದ ಹೊತ್ತಿಗೆ ದೇವರ ಮಂಟಪ ಮಂಜಿನಲ್ಲಿ ಮರೆಯಾಗಿತ್ತು. ವಸುಧಾ ಅಡುಗೆಮನೆಯಿಂದ ಇಣುಕಿ, "ರೀ, ಒಂದ್ ಕಿಟಕಿನಾದ್ರೂ ತೆಗೀರಿ. ಪುಳಿಯೋಗರೆಗೆ ಒಗ್ಗರಣೆ ಹಾಕ್ಬೇಕು" ಎಂದಳು.

"ಇವತ್ತು ರೆಡ್ ಡೇ, ವಸು. ಹೊರಗಿನ ಗಾಳಿ ಸರಿಯಿಲ್ಲ."

"ಒಳಗಿನ ಗಾಳಿ ಸರಿಯಾಗಿದ್ಯಾ?"

"ಪುಟ ನೋಡು" ಎಂದೆ. ಕಾಪೆಲ್ ಅಂಕಲ್ ಬೇರೆ ಪಕ್ಕದಿಂದ, "ಹೌದಮ್ಮ, ಪುಟದಲ್ಲಿ ಮುಚ್ಚಿದೆ, ನಾನೂ ನೋಡ್ಕೊಂಡೇ ಬಂದೆ" ಎಂದು ಸಾಕ್ಷಿ ನುಡಿದರು. ವಸುಧಾ ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದಳು. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೀರಿ, ಶೋಧಿಸಿದಂತೆ ನಟಿಸಿ, ಮತ್ತೆ ಮನೆಯೊಳಕ್ಕೇ ಬಿಡುವ ಜಾತಿಯದು. ಕಾದ ಎಣ್ಣೆಗೆ ಮೂವತ್ತು ಜನರ ಲೆಕ್ಕದ ಒಣಮೆಣಸಿನಕಾಯಿ ಬಿತ್ತು.

ಎಲ್ಲರೂ ಕೆಮ್ಮಿದರು. ಎಲ್ಲರೂ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ.

ಜೇಬಿನಲ್ಲಿದ್ದ ತುರ್ತು ಇನ್‌ಹೇಲರ್ ಎಳೆದೆ. ಮತ್ತೆ ಎಳೆದೆ. ಯಾರೋ ಕೊನೆಗೂ ಕಿಟಕಿ ತೆರೆದರು, ಯಾರೋ ತಲೆಗೆ ತೀರ್ಥ ಚಿಮುಕಿಸಿದರು. ಒದ್ದೆ ಪಂಚೆ ಈ ಸಲ ಹಿಂಡುವುದನ್ನು ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಏನಾಯಿತೆಂದು ಕೇಳಿದ ಕಾಪೆಲ್ ಅಂಕಲ್‌ಗೆ ಉತ್ತರ ಹೇಳಲು ಬಾಯಿ ತೆರೆದೆ, ಒಂದು ಪದ ಹೊರಡಿಸುವಷ್ಟೂ ಗಾಳಿ ಇರಲಿಲ್ಲ. ಮಾತೇ ಬಂಡವಾಳವಾದ ಮನುಷ್ಯನಿಗೆ ಆಗ ನಿಜವಾದ ಭಯ ಹುಟ್ಟಿತು. ಇಲ್ಲಿ ತಮಾಷೆ ಮಾಡಲು ಪ್ರಯತ್ನಿಸಿದ್ದೇನೆ, ಈ ವಾಕ್ಯವನ್ನು ನಾಲ್ಕು ಸಲ ಬರೆದು ಹೊಡೆದಿದ್ದೇನೆ. ಆಗುತ್ತಿಲ್ಲ. ಸಾಯುತ್ತೇನೆ ಅಂದುಕೊಂಡೆ.

ವಸುಧಾ ರೇಷ್ಮೆ ಸೀರೆಯಲ್ಲೇ ಕಾರು ಓಡಿಸಿದಳು. ಪಲ್ಲವಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತು ನನ್ನ ಭುಜಗಳನ್ನು ಕೆಳಕ್ಕೆ ಒತ್ತಿ ಹಿಡಿದಿದ್ದಳು. ಟೋಪಿ ಮುದುಕರ ಮಾತನ್ನು ನಾನೇ ಅವಳಿಗೆ ಯಾವಾಗಲೋ ಹೇಳಿದ್ದೆನಂತೆ.

ಆಸ್ಪತ್ರೆಯಲ್ಲಿ ಕಾಯಿಸಲಿಲ್ಲ, ನನ್ನ ತುಟಿಯ ಬಣ್ಣವೇ ಚೀಟಿಯಾಯಿತು. ಮೂಗು ಬಾಯಿಗೆ ಮುಖವಾಡ ಕಟ್ಟಿದರು, ಔಷಧದ ತಣ್ಣನೆಯ ಹಬೆ ಒಳಗೆ ಇಳಿಯತೊಡಗಿತು. ನರ್ಸು ಕೈಯಲ್ಲಿ ಹಲಗೆ ಹಿಡಿದು ಕೇಳಿದಳು: "ದಿನನಿತ್ಯದ ಇನ್‌ಹೇಲರ್ ತಗೊಳ್ತಿದ್ದಾರಾ?"

"ತಗೋತಾರೆ, ದಿನಾ ಎರಡು ಹೊತ್ತು" ಎಂದು ವಸುಧಾ ಇಂಗ್ಲಿಷಿನಲ್ಲಿ ದೃಢವಾಗಿ ಹೇಳಿದಳು.

ಪಲ್ಲವಿ ನನ್ನ ಕಡೆ ನೋಡಿದಳು. ಡ್ರಾಯರಿನ ಗುಟ್ಟನ್ನು ಅವಳು ಯಾವಾಗಲೋ ಕಂಡಿದ್ದಾಳೆಂದು ಆ ನೋಟದಿಂದಲೇ ತಿಳಿಯಿತು. ಮುಖವಾಡದ ಹಿಂದಿನಿಂದ ಕಣ್ಣಿನಲ್ಲೇ ಬೇಡ ಎಂದೆ. ಅವಳು ನರ್ಸಿನ ಕಡೆ ತಿರುಗಿ, "ಇಟ್ಸ್ ಇನ್ ದ ಡ್ರಾಯರ್. ಹೀ ನೆವರ್ ಓಪನ್ಡ್ ಇಟ್" ಎಂದಳು. ಆಮೇಲೆ ಅವರಮ್ಮನಿಗೆ, ಅಪರೂಪಕ್ಕೆ ಕನ್ನಡದಲ್ಲಿ, "ಪಾಸ್‌ಪೋರ್ಟ್ ಕೆಳಗಿದೆ, ಅಮ್ಮ" ಎಂದಳು.

ವಸುಧಾ ಕುರ್ಚಿಯಲ್ಲಿ ಕುಳಿತು ಸೆರಗಿನ ಅಂಚಿಗೆ ಮೆತ್ತಿದ್ದ ಕುಂಕುಮವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅರ್ಧ ಗಂಟೆಗೆ ಎದೆಯೊಳಗೆ ಯಾರೋ ಅಂಗಿಯ ಮೊದಲ ಗುಂಡಿ ಬಿಚ್ಚಿದಂತಾಯಿತು; ಆಮೇಲೆ ಎರಡನೆಯದು. ಉಸಿರು ಹೊರಗೆ ಹೋಯಿತು, ತಾನಾಗಿ, ಪೂರ್ತಿ. ಅದರಷ್ಟು ರುಚಿಯಾದ ಪದಾರ್ಥವನ್ನು ನಾನು ತಿಂದಿಲ್ಲ. ಆ ಸುಖದ ಮಧ್ಯೆ ವಸುಧಾಳ ಧ್ವನಿ ಕೇಳಿತು.

"ದಿನಾ ಎರಡು ಹೊತ್ತು ಬಾಯಿ ಮುಕ್ಕಳಿಸೋ ಸದ್ದು ಕೇಳ್ತಿತ್ತಲ್ರೀ."

"ಬರೀ ನೀರು" ಎಂದೆ.

"ನಾನು ಅಡುಗೆಮನೇಲಿ ಆ ಸದ್ದು ಕೇಳಿ, ಸದ್ಯ, ಔಷಧ ತಗೊಂಡ್ರು ಅಂತ ದಿನಾ ನೆಮ್ಮದಿಯಾಗಿರ್ತಿದ್ದೆ."

ಮುಕ್ಕಳಿಸುವ ಸದ್ದನ್ನು ನಾನು ಒಂದು ತಮಾಷೆಯೆಂದುಕೊಂಡಿದ್ದೆ. ಅವಳಿಗೆ ಅದು ಬೆಳಗಿನ ಶುಭ ಸಮಾಚಾರವಾಗಿತ್ತು.

ಮರುದಿನ ಮನೆಗೆ ಬಂದೆ. ಸುದ್ದಿ ಡ್ರಾಯರಿನ ಸಮೇತ ಮೇಲಿಂಗ್ ಲಿಸ್ಟಿನ ಮೂಲಕ ನನಗಿಂತ ಬೇಗ ಊರು ಸುತ್ತಿತ್ತು. ಸರೋಜಕ್ಕ ಫೋನ್ ಮಾಡಿದರು. ಸಮಾಧಾನ ಹೇಳುತ್ತಾರೆಂದು ಕಾದೆ.

"ರಾಯರ, ನೀವು ಮಂದಿಗೆ ಕಿಟಕಿ ತೆಗೀರಿ, ಕಿಟಕಿ ಮುಚ್ರಿ ಅಂತ ಹೇಳವರು, ನಿಮ್ಮ ಪಂಪ್ ಡ್ರಾಯರ್‌ನ್ಯಾಗ ಇಟ್ಟಿದ್ರೇನು?"

"ಒಂದ್ಸಲ ಹಿಡಿದ್ರೆ ಬಿಡಕ್ಕಾಗಲ್ಲ ಅಂತ..."

"ನಾನು ಹಿಡದು ಎಷ್ಟೋ ವರ್ಷ ಆತ್ರಿ. ಉಸರಾಡೂದನ್ನ ಹುಟ್ಟಿದಾಗ ಹಿಡದೀರಿ, ಅದನ್ನ ಬಿಡ್ತೀರೇನು?"

ಅವರು ಅಷ್ಟಕ್ಕೇ ಬಿಡಲಿಲ್ಲ. "ಇನ್ನೊಂದು ಮಾತು. ನಿಮ್ಮ ಪುಟಾ ನೋಡಿ ಇನ್ನೂ ಎಷ್ಟು ಮಂದಿ ಪಂಪ್ ಒಳಗ ಇಟ್ಟಾರ, ಗೊತ್ತೇನು ನಿಮಗ?"

ಫೋನ್ ಇಟ್ಟ ಮೇಲೂ ಆ ಪ್ರಶ್ನೆ ಇಳಿಯಲಿಲ್ಲ. ಅಲ್ಲಿಯವರೆಗೆ ನನ್ನ ತಪ್ಪು ನನ್ನೊಬ್ಬನ ಎದೆಯೊಳಗಿದೆ ಅಂದುಕೊಂಡಿದ್ದೆ. ಅವತ್ತು ಸಂಜೆ ಡ್ರಾಯರಿನಿಂದ ಡಬ್ಬಿ ತೆಗೆದು, ವಸುಧಾ ಮತ್ತು ಪಲ್ಲವಿಯ ಸಮಕ್ಷಮದಲ್ಲಿ ಬಿಚ್ಚಿ, ವಿಧಿಪೂರ್ವಕವಾಗಿ ಎಳೆದುಕೊಂಡೆ. ಮುಕ್ಕಳಿಸಿದೆ. ಚಟ ಹತ್ತಿದ ಯಾವ ಅನುಭವವೂ ಆಗಲಿಲ್ಲ. ಸ್ವಲ್ಪ ಸೀಮೆಸುಣ್ಣದ ರುಚಿ, ಅಷ್ಟೇ. ಆಮೇಲೆ ಕುಳಿತು ಪುಟದಲ್ಲಿ ನಡೆದದ್ದನ್ನೆಲ್ಲ ಬರೆದೆ: ಕಿಟಕಿ, ಸ್ನಾನದ ಟೋಪಿ, ಒಗ್ಗರಣೆ, ಡ್ರಾಯರು. ಮೂರು ದಿನದಲ್ಲಿ ಐದು ಜನ ಉತ್ತರ ಬರೆದರು. ಐವರ ಮನೆಯಲ್ಲೂ ಒಂದೊಂದು ಡ್ರಾಯರ್ ಇತ್ತು. ಕಾಪೆಲ್ ಅಂಕಲ್ ಅವರದು ಅಕ್ಕಿ ಡಬ್ಬಿಯ ಹಿಂದೆ.

ಪುಟವನ್ನು ಮತ್ತೆ ಕಟ್ಟಬೇಕಾಯಿತು. ಕಿಟಕಿಯ ಕೆಳಗೆ "ಮನೆಯೊಳಗೆ ಹೊಗೆಯಿದೆಯೇ?" ಎಂದು ಒಂದು ಸಾಲು ಸೇರಿಸಿದೆ. ಪಲ್ಲವಿ ಸಮಾಧಾನಗೊಳ್ಳಲಿಲ್ಲ. ಮೊದಲು ಔಷಧದ ಪ್ರಶ್ನೆ ಬರಬೇಕು, ಹೌದು ಎಂದು ಒತ್ತುವವರೆಗೆ ಕಿಟಕಿಯೇ ಕಾಣಿಸಬಾರದು ಎಂದಳು. ನಾನು ಕೈ ಹಿಂದೆ ಕಟ್ಟಿಕೊಂಡು, ಓದುಗನ ದಾರಿಗೆ ಅಡ್ಡ ನಿಲ್ಲುವುದು ವಿನ್ಯಾಸದಲ್ಲಿ ಮಹಾಪಾಪ ಎಂದು ವಿವರಿಸಿದೆ.

"ದಟ್ಸ್ ದ ಪಾಯಿಂಟ್, ಅಪ್ಪಾ" ಎಂದಳು.

ಆಗಿನ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡಿಸುವುದು ಒಂದು ಯಜ್ಞ. ಪ್ರಶ್ನೆಯನ್ನು ಕಾಗದದ ಮೇಲೆ ಬರೆದು, ಸ್ಕ್ಯಾನ್ ಮಾಡಿ, ಚಿತ್ರವಾಗಿ ಅಂಟಿಸುವುದೆಂದಾಯಿತು. ಬರೆಯಲು ವಸುಧಾಳನ್ನು ಕೇಳಿದೆ. ಅವಳು ಪೂಜೆಯ ದಿನದಿಂದ ನನ್ನೊಡನೆ ಉಪ್ಪು ಖಾರದ ಮಾತಷ್ಟೇ ಆಡುತ್ತಿದ್ದಳು. ಪೆನ್ನು ತೆಗೆದುಕೊಂಡು, ದಿನಸಿ ಚೀಟಿ ಬರೆಯುವ ಅದೇ ದುಂಡು ಅಕ್ಷರದಲ್ಲಿ "ಔಷಧ ತಗೊಂಡ್ರಾ?" ಎಂದು ಬರೆದಳು. ಬರೆದು, ಸ್ವಲ್ಪ ಯೋಚಿಸಿ, ಅದರ ಕೆಳಗೆ ಚಿಕ್ಕದಾಗಿ "ನಿಜ ಹೇಳಿ" ಎಂದು ಸೇರಿಸಿದಳು.

ನನ್ನ ವೃತ್ತಿಜೀವನದಲ್ಲಿ ನೂರಾರು ಅಲಾರಂ ಬರೆದಿದ್ದೇನೆ. ಅವುಗಳಲ್ಲಿ ಸರಿಯಾದದ್ದು ಅದೊಂದೇ, ಅದನ್ನು ನಾನು ಬರೆಯಲಿಲ್ಲ.

ಜನವರಿಯಲ್ಲಿ ಸರೋಜಕ್ಕ ಸಂಕ್ರಾಂತಿ ಊಟಕ್ಕೆ ಕರೆದರು. ಜನವರಿಯ ಆಸ್ಟಿನ್ ಎಂದರೆ ಬೆಟ್ಟದ ಸೀಡರ್ ಮರಗಳು ಹಳದಿ ಪರಾಗವನ್ನು ಹೊಗೆಯಂತೆ ಕಾರುವ ಕಾಲ. ಆಕಾಶ ತೊಳೆದಿಟ್ಟಷ್ಟು ನೀಲಿ, ಓಜೋನ್ ಲವಲೇಶವಿಲ್ಲ, ಊರಿಗೆ ಊರೇ ಸೀನುತ್ತಿರುತ್ತದೆ. ಪುಟದಲ್ಲಿ ಆಸ್ಟಿನ್ ಕಿಟಕಿ ಗಟ್ಟಿಯಾಗಿ ಮುಚ್ಚಿತ್ತು. ಹೋದ ವರ್ಷದ ನಾನಾಗಿದ್ದರೆ ಜ್ವರದ ನೆಪ ಹೇಳುತ್ತಿದ್ದೆ. ನಾಲ್ಕು ತಿಂಗಳು ತಪ್ಪದೆ ಔಷಧ ತೆಗೆದುಕೊಂಡಿದ್ದೆ, ಊದುಗೊಳವೆಯ ಮುಳ್ಳು ಮೇಲೇರಿತ್ತು. ಕೊಳವೆ ತಾನಾಗಿ ಹೊಸದಾಗಿರಬೇಕು. ಆದರೂ ಮುಳ್ಳಿನ ಮಾತು ಬೇರೆ, ಸೀಡರ್ ಬೇರೆ. ಬೆಳಗ್ಗೆ ವಸುಧಾಳ ದುಂಡು ಅಕ್ಷರದ ಮುಂದೆ ಹೌದು ಎಂದು ಒತ್ತಿ ಹೊರಟೆವು. ಮೂರು ಗಂಟೆಯ ದಾರಿಯುದ್ದಕ್ಕೂ ಜೇಬಿನ ತುರ್ತು ಇನ್‌ಹೇಲರನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಫೋನಿನ ಗದರಿಕೆಯಿಂದ ಆರಡಿ ಎತ್ತರದ ಹೆಂಗಸನ್ನು ಊಹಿಸಿದ್ದೆ. ಬಾಗಿಲು ತೆರೆದ ಸರೋಜಕ್ಕ ಪಲ್ಲವಿಯ ಭುಜಕ್ಕೆ ಬರುತ್ತಿದ್ದರು. "ಬರ್ರಿ ರಾಯರ, ಬರ್ರಿ. ಮೊದಲ ಬೂಟು, ಕೋಟು ಇಲ್ಲೇ ಬಿಡ್ರಿ, ಸೀಡರ್ ಮನ್ಯಾಗ ತರಬ್ಯಾಡ್ರಿ" ಎಂದರು. ಒಗ್ಗರಣೆಯನ್ನು ಅವರ ಯಜಮಾನರು ಗ್ಯಾರೇಜಿನಲ್ಲಿ, ವಿದ್ಯುತ್ ಒಲೆಯ ಮೇಲೆ ಹಾಕುವುದು ಆ ಮನೆಯ ಕಾನೂನು. ಯಜಮಾನರು ಸಜ್ಜನರು, ವಸುಧಾಳೊಡನೆ ಧಾರವಾಡ ಪೇಡೆ ಹೆಚ್ಚೋ ಮೈಸೂರು ಪಾಕ್ ಹೆಚ್ಚೋ ಎಂದು ಚರ್ಚಿಸುತ್ತ, ಒಲೆಯ ಮೇಲೆ ಮೆಣಸಿನಕಾಯಿ ಇಟ್ಟದ್ದನ್ನು ಮರೆತರು. ಮರೆತು, ನಡುವಿನ ಬಾಗಿಲನ್ನೂ ತೆರೆದೇ ಬಿಟ್ಟಿದ್ದರು.

ಘಾಟು ಕಂದು ಬಣ್ಣದ ಮೋಡವಾಗಿ ಊಟದ ಕೋಣೆಗೆ ಬಂತು.

ಯಜಮಾನರು ಕೆಮ್ಮಿದರು. ವಸುಧಾ ಕೆಮ್ಮಿದಳು. ಸರೋಜಕ್ಕ ಕೆಮ್ಮುತ್ತಲೇ, "ನಿಮ್ಮ ಪೇಡಾಕ್ಕ ಬೆಂಕಿ ಹಚ್ಚಲಿ" ಎಂದು ಗಂಡನಿಗೆ ಹೇಳಿ ಗ್ಯಾರೇಜಿನ ಬಾಗಿಲು ಮುಚ್ಚಿದರು. ನಾನೂ ಕೆಮ್ಮಿದೆ. ಕೈ ಜೇಬಿಗೆ ಹೋಯಿತು. ಪಲ್ಲವಿ ಎದ್ದು ಬಂದು ನನ್ನ ಹಿಂದೆ ನಿಂತಳು. ಅವಳ ಎರಡೂ ಕೈ ನನ್ನ ಭುಜಗಳ ಮೇಲೆ ಬಂದವು. ಒದ್ದೆ ಪಂಚೆಗಾಗಿ ಕಾದೆ.

ಯಜಮಾನರು ಕೆಮ್ಮು ನಿಲ್ಲಿಸಿದರು. ವಸುಧಾ ನಿಲ್ಲಿಸಿದಳು. ನಾನೂ ನಿಲ್ಲಿಸಿದೆ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಉಸಿರು ಒಳಗೆಳೆದುಕೊಂಡೆ, ಬಿಟ್ಟೆ. ಅದು ಹೋಯಿತು, ಯಾವ ಹಾರ್ಮೋನಿಯಂ ಇಲ್ಲದೆ. ಇನ್ನೊಮ್ಮೆ ಮಾಡಿ ನೋಡಿದೆ, ಇನ್ನೊಮ್ಮೆಯೂ ಹೋಯಿತು. ಜೇಬಿನಿಂದ ಕೈ ಖಾಲಿಯಾಗಿ ಹೊರಗೆ ಬಂತು.

"ಮತ್ತೇನ್ರಿ ರಾಯರ?" ಎಂದರು ಸರೋಜಕ್ಕ, ಕಣ್ಣೊರೆಸಿಕೊಳ್ಳುತ್ತ. ಅದು ಘಾಟಿಗೆ ಬಂದ ನೀರೆಂದು ಅವರು ಆಮೇಲೆ ಸ್ಪಷ್ಟಪಡಿಸಿದರು.

"ಮತ್ತೇನಿಲ್ಲ. ಎಲ್ಲರಷ್ಟೇ ಕೆಮ್ಮಿದೆ" ಎಂದೆ.

ವಸುಧಾ ನನ್ನ ತಟ್ಟೆಯನ್ನು ಹತ್ತಿರಕ್ಕೆಳೆದು ರೊಟ್ಟಿ ಬಡಿಸಿದಳು. ಊಟದ ಕೊನೆಯಲ್ಲಿ ಸರೋಜಕ್ಕ ಬುಟ್ಟಿ ತುಂಬ ಬಾಳೆಹಣ್ಣು ತಂದಿಟ್ಟರು. ಅಮ್ಮನನ್ನು ನೆನೆದು ಎರಡು ತಿಂದೆ.